ಮಗುವನ್ನು ಸುಮ್ಮನಿರಿಸುವ ವಿದ್ಯೆ

ರಜೆ ಬಂತೆಂದರೆ ದೊಡ್ಡವರಿಗೆ ಊರು ನೆನಪಾಗುತ್ತದೆ. ಊರು ನೆನಪಾದೊಡನೆ, ಎರಡು ವರ್ಷದ ಮಗುವನ್ನು ಏಳೆಂಟು ಗಂಟೆ ಕಾಲ ಒಂದೆಡೆ ಕೂರಿಸುವುದು ಹೇಗೆಂಬ ಚಿಂತೆಯೂ ಜೊತೆಗೇ ಬರುತ್ತದೆ. ಐದು ವರ್ಷ ತುಂಬದ ಮಗುವಿಗೆ ರೈಲಿನಲ್ಲಿ ಟಿಕೆಟ್ಟು ಬೇಕಿಲ್ಲ. ಹಾಗೆ ಕರೆದೊಯ್ದರೆ ಅದಕ್ಕೆ ಬೇರೆ ಆಸನವೂ ಇಲ್ಲ. ಆದರೆ ಆಸನವಿಲ್ಲದ ಆ ಪ್ರಯಾಣಿಕನೇ ಇಡೀ ಡಬ್ಬಿಯನ್ನು ಆಳುವವನೆಂಬುದನ್ನು ಅನುಭವಸ್ಥರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಎರಡು ವರ್ಷಗಳ ಹಿಂದೆ ದಸರೆಯ ರಜೆಯಲ್ಲಿ ಮಗಳು, ಮೊಮ್ಮಗನೊಡನೆ ಬೆಂಗಳೂರಿನಿಂದ ಮಂಗಳೂರಿಗೆ ಹಗಲು ರೈಲಿನಲ್ಲಿ ಹೊರಟಿದ್ದೆ. ಮೊಮ್ಮಗನಿಗೆ ಆಗ ಎರಡೂವರೆ ವರ್ಷ. ದೂರದ ಊರಿನಲ್ಲಿ ಬೆಳೆಯುತ್ತಿರುವ ಅವನು ವರ್ಷಕ್ಕೊಮ್ಮೆ ನನ್ನ ಕೈಗೆ ಸಿಗುವವನು. ಹಾಸನ ತಲುಪುವಷ್ಟರಲ್ಲಿ ಅವನು ಕಿಟಕಿಯ ಸರಳುಗಳ ರುಚಿ ನೋಡಿ, ಎದುರಿನವರ ಚೀಲ ಬಿಚ್ಚಿ, ನನ್ನ ಕನ್ನಡಕವನ್ನು ಎರಡು ಬಾರಿ ನೆಲಕ್ಕೆಸೆದಿದ್ದ. ಪಕ್ಕದಲ್ಲಿದ್ದ ಮಹನೀಯರೊಬ್ಬರು ಹುಬ್ಬು ಗಂಟಿಕ್ಕಿದರು. ಹಿಂದಿನ ರಾತ್ರಿ ನಿದ್ದೆಗೆಟ್ಟಿದ್ದ ಮಗಳ ಮುಖ ಸಣ್ಣದಾಯಿತು. ನಾನು ನನ್ನ ಮೊಬೈಲನ್ನು ಅವನ ಕೈಗಿತ್ತು ಪತ್ರಿಕೆ ಬಿಡಿಸಿಕೊಂಡೆ. ಹುಡುಗ ಕಲ್ಲಿನಂತೆ ಕುಳಿತ. “ಎಷ್ಟು ಒಳ್ಳೆಯ ಮಗು!” ಎಂದು ಮಹನೀಯರು ಪ್ರಸನ್ನರಾದರು.

ಸಕಲೇಶಪುರದಿಂದ ಸುಬ್ರಹ್ಮಣ್ಯದವರೆಗೆ ಘಟ್ಟವಿಳಿಯುವ ದಾರಿಯಲ್ಲಿ 57 ಸುರಂಗಗಳಿವೆ. ಮೊದಲ ಮೂರು ನಾಲ್ಕನ್ನು ಮೊಮ್ಮಗ ನೋಡಲೇ ಇಲ್ಲ. ಅಷ್ಟರಲ್ಲಿ ಮೊಬೈಲಿನ ಸಂಪರ್ಕ ತಪ್ಪಿತು, ಚಿತ್ರ ನಿಂತಿತು, ಅವನು ಡಬ್ಬಿ ನಡುಗುವಂತೆ ಕಿರುಚಿದ. ಆಗ ಎದುರಿಗಿದ್ದ ಅಜ್ಜಿ, ಅವನಿಂದ ಚೀಲ ಬಿಚ್ಚಿಸಿಕೊಂಡಿದ್ದವರೇ, ಅವನನ್ನೆತ್ತಿ ಕಿಟಕಿಯ ಬಳಿ ನಿಲ್ಲಿಸಿಕೊಂಡು, “ಕತ್ತಲೆ ಬಂತು!” ಎಂದರು. ಸುರಂಗ ಮುಗಿದೊಡನೆ, “ಬೆಳಕು ಬಂತು!” ಎಂದರು. ಅಳು ಅರ್ಧಕ್ಕೇ ನಿಂತಿತು. ಹತ್ತನೆಯ ಸುರಂಗದ ಹೊತ್ತಿಗೆ ಹೇಳುವವನು ಅವನಾಗಿದ್ದ. ಇಪ್ಪತ್ತನೆಯದರ ಹೊತ್ತಿಗೆ ಡಬ್ಬಿಯೆಲ್ಲ ಅವನೊಡನೆ ಕೂಗುತ್ತಿತ್ತು. ಹುಬ್ಬು ಗಂಟಿಕ್ಕಿದ್ದ ಮಹನೀಯರ ಧ್ವನಿಯೇ ಎಲ್ಲಕ್ಕಿಂತ ದೊಡ್ಡದು.

ಎರಡರಿಂದ ನಾಲ್ಕು ವರ್ಷದ ಮಕ್ಕಳು ದಿನಕ್ಕೆ ಒಂದು ಗಂಟೆಗಿಂತ ಹೆಚ್ಚು ಹೊತ್ತು ಪರದೆಯ ಮುಂದೆ ಕೂರಬಾರದೆಂದು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೇಳಿದೆ. ಗಂಟೆಗಳ ಲೆಕ್ಕ ವೈದ್ಯರಿಗಿರಲಿ. ನನ್ನ ಆಕ್ಷೇಪಣೆ ಬೇರೆ. ಆ ವಯಸ್ಸಿನ ಮಗುವಿಗೆ ಬೇಕಾದದ್ದು ಕ್ಷಣಕ್ಕೊಂದು ಹೊಸ ನೋಟವಲ್ಲ. ಒಂದೇ ಆಟ ಮತ್ತೆ ಮತ್ತೆ, ಮತ್ತು ಪ್ರತಿ ಸಲವೂ ಓಗೊಡುವ ಒಂದು ಮುಖ. ತಾಯಿ ಸೆರಗಿನ ಮರೆಯಲ್ಲಿ ಅಡಗಿ ಮತ್ತೆ ಕಾಣಿಸಿಕೊಂಡರೆ ಮಗು ನೂರನೆಯ ಸಲವೂ ನಗುತ್ತದೆ. ಸುರಂಗ ಬೆಟ್ಟವೇ ಆಡುವ ಕಣ್ಣಾಮುಚ್ಚಾಲೆ. ಮೊಬೈಲು ಬೇಕಾದಷ್ಟು ತೋರಿಸೀತು, ಓಗೊಡದು.

“ನಿದ್ದೆಗೆಟ್ಟ ತಾಯಿಗೆ ಉಪದೇಶ ಸುಲಭ” ಎಂದು ಯಾರಾದರೂ ಹೇಳಬಹುದು. ನಿಜ, ತಾಯಂದಿರನ್ನು ನಾನು ದೂರುತ್ತಿಲ್ಲ. ರಾತ್ರಿಯ ಬಸ್ಸಿನಲ್ಲಿ, ಬೇರೆ ದಾರಿ ಕಾಣದೆ, ಅರ್ಧ ಗಂಟೆ ಮೊಬೈಲು ಕೊಟ್ಟ ತಾಯಿ ಅಪರಾಧಿಯಲ್ಲ. ಹುಬ್ಬು ಗಂಟಿಕ್ಕುವ ಸಹಪ್ರಯಾಣಿಕರೂ ಪತ್ರಿಕೆ ಬಿಡಿಸುವ ತಾತಂದಿರೂ ಅವಳನ್ನು ಆ ಸ್ಥಿತಿಗೆ ತರುತ್ತೇವೆ. ಸುಮ್ಮನಿರುವ ಮಗುವೇ ಒಳ್ಳೆಯ ಮಗುವೆಂದು ತೀರ್ಮಾನಿಸಿದವರು ನಾವು. ಮಗುವಿನ ಬೇಸರ ಕಳೆಯಲೆಂದು ನಾವು ಹೇಳಿಕೊಂಡರೂ, ಕಳೆದುಕೊಳ್ಳುವುದು ನಮ್ಮ ತೊಂದರೆಯನ್ನು. ಪ್ರಯಾಣದಲ್ಲಿ ಮಗುವನ್ನು ಸಂಭಾಳಿಸುವುದು ತಾಯಿಯೊಬ್ಬಳ ಕೆಲಸವಲ್ಲ, ಡಬ್ಬಿಯ ಕೆಲಸ. ಆ ಅಜ್ಜಿಗೆ ಅದು ಯಾರೂ ಹೇಳಿಕೊಡದೆ ತಿಳಿದಿತ್ತು.

ಈಗಲೂ ಮನೆಯಲ್ಲಿ ದೀಪ ಹೋದರೆ ಮೊಮ್ಮಗ “ಕತ್ತಲೆ ಬಂತು!” ಎಂದು ಕೂಗಿ ಉತ್ತರಕ್ಕೆ ಕಾಯುತ್ತಾನಂತೆ. ಅಂದು ನಾನು ಓದಿದ ಪತ್ರಿಕೆಯ ಒಂದು ಸುದ್ದಿಯೂ ನನಗೆ ನೆನಪಿಲ್ಲ. ಅವನು ನೋಡದೆ ಹೋದ ಆ ಮೂರು ನಾಲ್ಕು ಸುರಂಗಗಳ ಸಾಲ ಮಾತ್ರ ನನ್ನ ಮೇಲೆ ಹಾಗೆಯೇ ಉಳಿದಿದೆ.