ನಮ್ಮ ಚಳಿಗಾಲಕ್ಕೆ ಯಾವ ಟೈರು?



ಧನು ತಿಂಗಳ ಸಭೆಯಲ್ಲಿ ಕಾರ್ಯಸೂಚಿಯಲ್ಲಿ ಇಲ್ಲದ ವಿಷಯವೊಂದು ಅರ್ಧ ಗಂಟೆ ಚರ್ಚೆಯಾಯಿತು. ಜರ್ಮನಿಯಲ್ಲಿ ಉದ್ಯೋಗದಲ್ಲಿರುವ ಸದಸ್ಯರೊಬ್ಬರ ಮಗ ರಜೆಯಲ್ಲಿ ಅಡೂರಿಗೆ ಬಂದಿದ್ದರು. ಅಂಗಳದಲ್ಲಿದ್ದ ಕಾರನ್ನು ನೋಡಿ "ಅಪ್ಪ, ಇದಕ್ಕೆ ಚಳಿಗಾಲದ ಟೈರು ಹಾಕಿಸಿಲ್ಲವಾ?" ಎಂದು ತಮಾಷೆ ಮಾಡಿದರಂತೆ. ಅಪ್ಪ ಅದನ್ನು ಸಭೆಯಲ್ಲಿ ಹೇಳಿದಾಗ ಎಲ್ಲರೂ ನಕ್ಕರು. ಆದರೆ ಸದಸ್ಯೆಯೊಬ್ಬರು ನಗಲಿಲ್ಲ. "ಅವರಿಗೆ ಅದು ಸರಿ, ಹಾಗಾದರೆ ನಮಗೆ ಯಾವುದು ಸರಿ?" ಎಂದು ಕೇಳಿದರು. ಇಪ್ಪತ್ತೈದು ಜನರಲ್ಲಿ ಒಬ್ಬರಿಗೂ ನೇರ ಉತ್ತರ ಕೊಡಲಾಗಲಿಲ್ಲ. ಎಲ್ಲರ ಮನೆಯಲ್ಲೂ ಒಂದಲ್ಲ ಒಂದು ವಾಹನ ಇದೆ, ಟೈರು ಮಾತ್ರ ಅಂಗಡಿಯವರು ಕೊಟ್ಟದ್ದು! ಆಮೇಲೆ ನಾವು ನಿಯಮಗಳನ್ನು ಓದಿ, ನಾಲ್ಕಾರು ಕಡೆ ವಿಚಾರಿಸಿ ತಿಳಿದುಕೊಂಡದ್ದನ್ನು ಇಲ್ಲಿ ಬರೆಯುತ್ತಿದ್ದೇವೆ.

ಮೊದಲು ಹೊರದೇಶದ ಮಾತು ಮುಗಿಸೋಣ, ಅಲ್ಲಿರುವ ನಮ್ಮ ಸದಸ್ಯರ ಮಕ್ಕಳಿಗೂ ಉಪಯೋಗವಾದೀತು. ಉಷ್ಣಾಂಶ 7 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗಿಳಿದಾಗ ಸಾಮಾನ್ಯ ಟೈರಿನ ರಬ್ಬರು ಗಟ್ಟಿಯಾಗಿ ರಸ್ತೆಯ ಹಿಡಿತ ತಪ್ಪುತ್ತದೆ ಎಂಬುದು ಅಲ್ಲಿನ ಲೆಕ್ಕ. ಚಳಿಗಾಲದ ಟೈರಿನ ಮಿಶ್ರಣ ಬೇರೆ. ಅದರಲ್ಲಿ ಸಿಲಿಕಾ ಮತ್ತು ನೈಸರ್ಗಿಕ ರಬ್ಬರಿನ ಪಾಲು ಹೆಚ್ಚಿರುವುದರಿಂದ ಚಳಿಯಲ್ಲೂ ಮೆತ್ತಗಿರುತ್ತದೆ. ಮೇಲ್ಮೈಯಲ್ಲಿ ಹಿಮವನ್ನು ಕಚ್ಚಿ ಹಿಡಿಯುವ ಸಣ್ಣ ಸಣ್ಣ ಸೀಳುಗಳಿರುತ್ತವೆ. ಜರ್ಮನಿಯಲ್ಲಿ ಹಿಮ, ಮಂಜುಗಡ್ಡೆ ಇರುವ ರಸ್ತೆಯಲ್ಲಿ ಇಂಥ ಟೈರು ಕಡ್ಡಾಯ. 2024ರ ಅಕ್ಟೋಬರ್ 1ರಿಂದ ಮೂರು ಶಿಖರದ ಬೆಟ್ಟದೊಳಗೆ ಹಿಮದ ಹರಳು ಇರುವ ಗುರುತಿನ ಟೈರಿಗೆ ಮಾತ್ರ ಅಲ್ಲಿ ಮಾನ್ಯತೆ. ಹಿಂದೆ ನಡೆಯುತ್ತಿದ್ದ 'ಎಂ ಪ್ಲಸ್ ಎಸ್' ಎಂಬ ಅಕ್ಷರ ಮಾತ್ರ ಇದ್ದರೆ ಈಗ ಸಾಲದು. ಕೆನಡಾದ ಕ್ವಿಬೆಕ್‌ನಲ್ಲಿ ಹಿಮ ಬೀಳಲಿ ಬಿಡಲಿ, ಡಿಸೆಂಬರ್ 1ರಿಂದ ಮಾರ್ಚ್ 15ರವರೆಗೆ ಚಳಿಗಾಲದ ಟೈರು ಇರಲೇಬೇಕು. ಹಳೆ ಕಾರು ಕೊಳ್ಳುವ ವಿದ್ಯಾರ್ಥಿಗಳು ಇದನ್ನು ಮೊದಲೇ ನೋಡಿಕೊಳ್ಳುವುದು ಒಳ್ಳೆಯದು.

ನಮ್ಮಲ್ಲಿ ಧನು ತಿಂಗಳ ಬೆಳಗಿನ ಜಾವ ಶಾಲು ಹೊದೆಯುವಷ್ಟು ಚಳಿ. ಟೈರಿನ ಮಟ್ಟಿಗೆ ಅದು ಚಳಿಯೇ ಅಲ್ಲ. ಆ ಟೈರನ್ನು ತಂದು ಇಲ್ಲಿ ಹಾಕಿದರೆ ನಮ್ಮ ಬಿಸಿಲಿಗೆ ಬೇಗ ಸವೆಯುತ್ತದೆ, ಬ್ರೇಕು ಹಾಕಿದಾಗ ನಿಲ್ಲುವುದಕ್ಕೂ ಹೆಚ್ಚು ದೂರ ಬೇಕಾಗುತ್ತದೆ. ನಮ್ಮ ತೋಟದ ರಬ್ಬರು ಹೆಚ್ಚಿಗೆ ಬೇಕಾಗುವ ಟೈರು ನಮ್ಮ ರಸ್ತೆಗೇ ಆಗುವುದಿಲ್ಲ ಎಂಬುದೊಂದು ವಿಚಿತ್ರ.

ಹಾಗಂತ ನಮ್ಮ ಚಳಿಗಾಲದಲ್ಲಿ ಟೈರಿಗೆ ಕಷ್ಟವಿಲ್ಲ ಎಂದಲ್ಲ. ವರ್ಷದ ದೂರ ಪ್ರಯಾಣಗಳೆಲ್ಲ ಇರುವುದು ಈಗಲೇ. ವೃಶ್ಚಿಕ ಒಂದರಿಂದ ಮಕರ ಸಂಕ್ರಮಣದವರೆಗೆ ಶಬರಿಮಲೆ ಯಾತ್ರೆ, ನಡುವೆ ಷಷ್ಠಿಗೆ ಸುಬ್ರಹ್ಮಣ್ಯ, ಮತ್ತೆ ಮದುವೆ, ಜಾತ್ರೆ, ರಾತ್ರಿಯಿಡೀ ಯಕ್ಷಗಾನ. ಮನೆಯಲ್ಲಿ ಅಡಿಕೆ ಕೊಯ್ಲು, ಪಿಕಪ್ಪಿನಲ್ಲಿ ಹೇರಿದಷ್ಟೂ ಚೀಲ. ಇದಕ್ಕೆಲ್ಲ ಹೊರಡುವುದು ಯಾವ ಟೈರಿನಲ್ಲಿ? ನಾಲ್ಕು ತಿಂಗಳು ಮಳೆಯಲ್ಲಿ ಮುರಕಲ್ಲಿನ ಕೆಸರು, ಗುಂಡಿ, ಜಲ್ಲಿ ತಿಂದು ಬಂದ ಟೈರಿನಲ್ಲಿ.

ಇಲ್ಲಿ ಭಾರದ ಲೆಕ್ಕ ಮುಖ್ಯ. ಟೈರಿನ ಪಕ್ಕದಲ್ಲಿ '165/80 ಆರ್14 85 ಟಿ' ಎಂಬಂಥ ಬರಹ ಇರುತ್ತದೆ. 165 ಎಂದರೆ ಮಿಲಿಮೀಟರಿನಲ್ಲಿ ಅಗಲ, 80 ಎಂದರೆ ಆ ಅಗಲದ ಶೇಕಡಾ ಎಷ್ಟು ಎತ್ತರ ಎಂಬುದು, 14 ಎಂದರೆ ಇಂಚಿನಲ್ಲಿ ರಿಮ್ಮಿನ ಅಳತೆ. ಕೊನೆಯ 85 ಕಿಲೋ ಅಲ್ಲ, ಅದು ಭಾರದ ಸಂಕೇತ: ಒಂದು ಟೈರು 515 ಕಿಲೋ ಹೊರಬಹುದು. 'ಟಿ' ಎಂದರೆ ಗಂಟೆಗೆ 190 ಕಿ.ಮೀ. ವೇಗದವರೆಗೆ ತಾಳುತ್ತದೆ. ಈ 515 ಕಿಲೋ ಪೂರ್ತಿ ಗಾಳಿ ಇರುವಾಗಿನ ಮಾತು. ಗಾಳಿ ಕಡಿಮೆಯಿದ್ದು, ಐದು ಜನರ ಕಾರಿನಲ್ಲಿ ಏಳು ಜನ ಕೂತು, ಮೇಲೆ ಕ್ಯಾರಿಯರಿನಲ್ಲಿ ಸಾಮಾನು ಕಟ್ಟಿ ಐದು ನೂರು ಕಿಲೋಮೀಟರು ಓಡಿಸಿದರೆ ಟೈರಿನ ಪಕ್ಕ ಪ್ರತಿ ಸುತ್ತಿಗೂ ಮಡಿಚಿ ಬಿಚ್ಚಿ ಕಾಯುತ್ತದೆ. ಟೈರು ಸಿಡಿಯುವುದಕ್ಕೆ ರಸ್ತೆಯ ಮೊಳೆಗಿಂತ ಈ ಶಾಖವೇ ದೊಡ್ಡ ಕಾರಣ.

ಗಾಳಿ ನೋಡುವುದು ಬೆಳಿಗ್ಗೆ, ಗಾಡಿ ಹೊರಡುವ ಮೊದಲು, ಟೈರು ತಣ್ಣಗಿರುವಾಗ. ಎಷ್ಟು ಬೇಕೆಂಬುದು ಡ್ರೈವರ್ ಬಾಗಿಲಿನ ಪಕ್ಕದ ಚೀಟಿಯಲ್ಲಿ ಇರುತ್ತದೆ, ಪೂರ್ತಿ ಜನ ಇದ್ದರೆ ಎಷ್ಟು ಎಂಬುದೂ ಅಲ್ಲೇ ಇರುತ್ತದೆ. ಉಷ್ಣಾಂಶ 10 ಡಿಗ್ರಿ ಇಳಿದರೆ ಸುಮಾರು ಒಂದೂವರೆ ಪಿಎಸ್‌ಐ ಗಾಳಿ ತಾನಾಗಿ ಇಳಿಯುತ್ತದೆ. ಓಡಿ ಬಿಸಿಯಾದ ಟೈರಿನಲ್ಲಿ ಮೀಟರು ಹೆಚ್ಚು ತೋರಿಸಿತೆಂದು ಗಾಳಿ ಬಿಡಬಾರದು. ನೈಟ್ರೋಜನ್ ತುಂಬಿಸಬೇಕೇ ಎಂದು ಒಬ್ಬರು ಕೇಳಿದ್ದಾರೆ. ನಾವು ಉಸಿರಾಡುವ ಗಾಳಿಯಲ್ಲೇ ನೂರಕ್ಕೆ 78 ಪಾಲು ನೈಟ್ರೋಜನ್. ದುಡ್ಡು ಹೆಚ್ಚಿದ್ದರೆ ತುಂಬಿಸಿ, ವಾರಕ್ಕೊಮ್ಮೆ ನೋಡುವುದನ್ನು ಮಾತ್ರ ಬಿಡಬೇಡಿ.

ಆದರೂ ಟೈರು ಆಯ್ಕೆ ಮಾಡುವಾಗ ನಾವು ಲೆಕ್ಕಕ್ಕೆ ಹಿಡಿಯಬೇಕಾದದ್ದು ಚಳಿಯನ್ನಲ್ಲ, ಮಳೆಯನ್ನು. ನಮ್ಮ ಜಿಲ್ಲೆಯಲ್ಲಿ ವರ್ಷಕ್ಕೆ ಸುಮಾರು 3,500 ಮಿಲಿಮೀಟರ್ ಮಳೆ. ಜರ್ಮನಿಯವರಂತೆ ವರ್ಷಕ್ಕೆ ಎರಡು ಜೊತೆ ಟೈರು ಇಡುವವರು ನಮ್ಮಲ್ಲಿಲ್ಲ. ಧನು ತಿಂಗಳಲ್ಲಿ ಹಾಕಿದ್ದೇ ಆಟಿ ತಿಂಗಳಲ್ಲೂ ಇರುತ್ತದೆ. ಆದ್ದರಿಂದ ಈಗ ಕೊಳ್ಳುವ ಟೈರನ್ನು ಆಟಿಯ ಮಳೆಗೆ ಎಂದೇ ಕೊಳ್ಳಬೇಕು.

ರಸ್ತೆಯೂ ಬದಲಾಗಿದೆ. ಚೆರ್ಕಳದಿಂದ ಮುಳ್ಳೇರಿಯ, ಅಡೂರು ದಾಟಿ ಜಾಲ್ಸೂರಿಗೆ ಹೋಗುವ ದಾರಿ ತಿರುವು, ಏರು, ಇಳಿತದ್ದು, ಅಲ್ಲಿ ವೇಗ ತಾನಾಗಿ ಹಿಡಿತದಲ್ಲಿರುತ್ತದೆ. ಆದರೆ ಅದೇ ಕಾರು ಚೆರ್ಕಳಕ್ಕೆ ಇಳಿದು ಮಂಗಳೂರಿನ ಆಸ್ಪತ್ರೆಗೆ ಹೊರಟರೆ ಸಿಗುವುದು ಆರು ಪಥದ ರಾಷ್ಟ್ರೀಯ ಹೆದ್ದಾರಿ 66. ಕೇರಳದಲ್ಲಿ 2023ರ ಜುಲೈಯಿಂದ ಆರು ಪಥದ ಹೆದ್ದಾರಿಯಲ್ಲಿ ಕಾರಿನ ವೇಗಮಿತಿ 110 ಕಿ.ಮೀ. ಈಗ ಇನ್ನೊಂದು ಲೆಕ್ಕ ನೋಡಿ. ರಸ್ತೆಯಲ್ಲಿ ನೀರು ನಿಂತಿರುವಾಗ ಒಂದು ವೇಗ ದಾಟಿದ ಮೇಲೆ ಟೈರು ರಸ್ತೆಯನ್ನು ಬಿಟ್ಟು ನೀರಿನ ಮೇಲೆ ತೇಲುತ್ತದೆ. ಆಗ ಸ್ಟಿಯರಿಂಗೂ ಇಲ್ಲ, ಬ್ರೇಕೂ ಇಲ್ಲ. ಅಮೆರಿಕದ ನಾಸಾದವರು 1960ರ ದಶಕದಲ್ಲಿ ವಿಮಾನದ ಚಕ್ರಗಳ ಮೇಲೆ ಪರೀಕ್ಷೆ ಮಾಡಿ ಇದಕ್ಕೊಂದು ಸೂತ್ರ ಕೊಟ್ಟಿದ್ದಾರೆ. ಅದರ ಪ್ರಕಾರ 30 ಪಿಎಸ್‌ಐ ಗಾಳಿ ಇರುವ ಟೈರು ತೇಲುವ ವೇಗ ಗಂಟೆಗೆ ಸುಮಾರು 91 ಕಿ.ಮೀ. ಗಾಳಿ 20ಕ್ಕೆ ಇಳಿದಿದ್ದರೆ ಸುಮಾರು 74 ಕಿ.ಮೀ. ಸಾಕು. ಕಾರಿನ ಟೈರಿನಲ್ಲಿ ಆಳವಾದ ಗಾಡಿ ಇದ್ದರೆ ಅದು ನೀರನ್ನು ಪಕ್ಕಕ್ಕೆ ತಳ್ಳಿ ಸ್ವಲ್ಪ ಕಾಪಾಡುತ್ತದೆ, ಸವೆದಿದ್ದರೆ ಅದೂ ಇಲ್ಲ. ಅಂದರೆ ಬೋರ್ಡಿನಲ್ಲಿರುವ 110 ಒಣ ರಸ್ತೆಯ ಸಂಖ್ಯೆ. ನೋಡಲು ಚೆನ್ನಾಗಿರುತ್ತದೆಂದು ಅಗಲದ ಟೈರು ಹಾಕಿಸುವ ಹುಡುಗರಿಗೂ ಒಂದು ಮಾತು: ಟೈರು ಅಗಲವಾದಷ್ಟು ನೀರಿನ ಮೇಲೆ ಏರುವುದು ಸುಲಭ.

ಕಾನೂನು ಏನು ಹೇಳುತ್ತದೆ? ಕೇಂದ್ರ ಮೋಟಾರು ವಾಹನ ನಿಯಮ 94ರ ಪ್ರಕಾರ ಕಾರಿನ ಟೈರಿನ ಗಾಡಿ 1.6 ಮಿಲಿಮೀಟರಿಗಿಂತ ಕಡಿಮೆ ಇರಬಾರದು. ಗಾಡಿಯ ತಳದಲ್ಲಿ ಅಡ್ಡಲಾಗಿ ಸಣ್ಣ ದಿಣ್ಣೆಗಳಿವೆ. ಮೇಲ್ಮೈ ಸವೆದು ಅವುಗಳ ಸಮಕ್ಕೆ ಬಂದರೆ ಟೈರಿನ ಆಯುಷ್ಯ ಮುಗಿಯಿತೆಂದು ಅರ್ಥ. ಹೊಸ ಟೈರಿನಲ್ಲಿ ಏಳೆಂಟು ಮಿಲಿಮೀಟರ್ ಇರುತ್ತದೆ. ಆದರೆ ಕಾನೂನಿಗೆ ಸಾಕಾದದ್ದು ಮಳೆಗೆ ಸಾಕಾಗುವುದಿಲ್ಲ. ಬ್ರಿಟನ್ನಿನಲ್ಲಿ ನಡೆದ ಪರೀಕ್ಷೆಯಲ್ಲಿ 1.6 ಮಿಲಿಮೀಟರಿಗೆ ಸವೆದ ಟೈರಿನ ಕಾರು ಒದ್ದೆ ರಸ್ತೆಯಲ್ಲಿ ನಿಲ್ಲಲು ಹೊಸ ಟೈರಿಗಿಂತ ಮೂರನೇ ಒಂದು ಪಾಲಿಗೂ ಹೆಚ್ಚು ದೂರ ತೆಗೆದುಕೊಂಡಿತು. ನಮ್ಮ ಅಭಿಪ್ರಾಯ ಕೇಳಿದರೆ, ಪತ್ತನಾಜೆಯ ಹೊತ್ತಿಗೆ 3 ಮಿಲಿಮೀಟರ್ ಇಲ್ಲದ ಟೈರಿನಲ್ಲಿ ಮಳೆಗಾಲಕ್ಕೆ ಇಳಿಯಬಾರದು. ಅಳತೆಗೆ ಉಪಕರಣ ಬೇಡ. ಬೆಂಕಿಕಡ್ಡಿಯನ್ನು ಗಾಡಿಯಲ್ಲಿ ಇಳಿಸಿ ಉಗುರಿನಿಂದ ಗುರುತು ಹಿಡಿದು ಮಕ್ಕಳ ಸ್ಕೇಲಿನ ಮೇಲೆ ಇಟ್ಟರೆ ಆಯಿತು. ಒಳಬದಿ, ನಡು, ಹೊರಬದಿ ಮೂರೂ ಕಡೆ ನೋಡಬೇಕು. ಒಂದೇ ಬದಿ ಸವೆದಿದ್ದರೆ ಅಲೈನ್‌ಮೆಂಟ್ ತಪ್ಪಿದೆ, ಅದನ್ನು ಸರಿಮಾಡದೆ ಹೊಸ ಟೈರು ಹಾಕಿಸಿದರೆ ಅದೂ ಹಾಗೆಯೇ ಹೋಗುತ್ತದೆ.

ಪತ್ತನಾಜೆಗೆ ಇನ್ನೂ ದಿನ ಇದೆ ಎನ್ನಬೇಡಿ. 2025ರಲ್ಲಿ ಮುಂಗಾರು ಜೂನ್ ಒಂದನ್ನು ಕಾಯಲಿಲ್ಲ, ಮೇ 24ಕ್ಕೇ ಕೇರಳಕ್ಕೆ ಬಂದುಬಿಟ್ಟಿತು. ಆ ವಾರ ಟೈರಿನ ಅಂಗಡಿಗಳ ಎದುರು ಇದ್ದ ಸಾಲು ನಿಮಗೆ ನೆನಪಿರಬಹುದು.

ಗಾಡಿ ಇದ್ದರೂ ಸಾಲದು ಎಂದು ನಮಗೆ ಕಲಿಸಿದ್ದು ನಮ್ಮದೇ ಅನುಭವ. ಕಳೆದ ಮಳೆಗಾಲ ಸುಳ್ಯದ ಕಡೆಯ ಕಾರ್ಯಕ್ರಮ ಮುಗಿಸಿ ಬಾಡಿಗೆ ವ್ಯಾನಿನಲ್ಲಿ ಹಿಂದೆ ಬರುವಾಗ ಇಳಿತದ ತಿರುವಿನಲ್ಲಿ ವ್ಯಾನು ಜಾರಿ ಬರೆಗೆ ಹೋಗಿ ನಿಂತಿತು. ಒಳಗೆ ಒಂಬತ್ತು ಜನ, ಹೆಚ್ಚಿನವರು ಅರುವತ್ತು ದಾಟಿದವರು. ಯಾರಿಗೂ ಪೆಟ್ಟಾಗಲಿಲ್ಲ. ಬರೆ ಇದ್ದದ್ದು ಎಡಕ್ಕೆ, ಬಲಕ್ಕೆ ಹೊಳೆ ಎಂದಷ್ಟೇ ಹೇಳಿದರೆ ಸಾಕು. ಡ್ರೈವರ್ ಪಾಪ ನಿಧಾನವಾಗಿಯೇ ಓಡಿಸುತ್ತಿದ್ದ. ಟಾರ್ಚ್ ಹಾಕಿ ನೋಡಿದರೆ ಟೈರಿನಲ್ಲಿ ಗಾಡಿ ಬೇಕಾದಷ್ಟಿತ್ತು. ಮರುದಿನ ಪಂಕ್ಚರ್ ಅಂಗಡಿಯವರು ಪಕ್ಕದ ನಾಲ್ಕು ಅಂಕಿ ತೋರಿಸಿದರು: 2315. ಎಂದರೆ 2015ನೇ ಇಸವಿಯ 23ನೇ ವಾರ ತಯಾರಾದ ಟೈರು! ಹತ್ತು ವರ್ಷ ಹಳತಾಗಿ ರಬ್ಬರು ಕಲ್ಲಿನಂತಾಗಿತ್ತು.

ಈ ನಾಲ್ಕು ಅಂಕಿ 'ಡಿಒಟಿ' ಎಂಬ ಅಕ್ಷರಗಳಿಂದ ಶುರುವಾಗುವ ಸಾಲಿನ ಕೊನೆಯಲ್ಲಿ, ಹೆಚ್ಚಾಗಿ ಅಂಡಾಕಾರದ ಚೌಕಟ್ಟಿನಲ್ಲಿ ಇರುತ್ತದೆ. ಮೊದಲ ಎರಡು ವಾರ, ಕೊನೆಯ ಎರಡು ಇಸವಿ. ಕೆಲವೊಮ್ಮೆ ಒಳಬದಿಗೆ ಬಂದಿರುತ್ತದೆ, ಬಗ್ಗಿ ನೋಡಬೇಕು. ಐದು ವರ್ಷ ದಾಟಿದ ಟೈರನ್ನು ವರ್ಷಕ್ಕೊಮ್ಮೆ ತಿಳಿದವರಿಂದ ನೋಡಿಸಬೇಕು, ಹೇಗೇ ಕಂಡರೂ ಹತ್ತು ವರ್ಷಕ್ಕೆ ತೆಗೆಯಬೇಕು ಎಂಬುದು ಟೈರು ಕಂಪೆನಿಗಳದೇ ಸಲಹೆ. ಗಲ್ಫ್‌ನಲ್ಲಿರುವವರ ಕಾರುಗಳಿಗೆ ಇದು ವಿಶೇಷವಾಗಿ ಅನ್ವಯ. ವರ್ಷದಲ್ಲಿ ಒಂದು ತಿಂಗಳು ಓಡಿ ಹನ್ನೊಂದು ತಿಂಗಳು ಶೆಡ್ಡಿನಲ್ಲಿ ನಿಂತಿರುವ ಕಾರಿನ ಟೈರು ಸವೆಯುವುದಿಲ್ಲ, ಹಳತಾಗುತ್ತದೆ. ಸೆಕೆಂಡ್ ಹ್ಯಾಂಡ್ ಟೈರು ಕೊಳ್ಳುವವರೂ ಮೊದಲು ನೋಡಬೇಕಾದದ್ದು ಇದನ್ನೇ.

ಇನ್ನು ದುಡ್ಡಿನ ವಿಷಯ. 2025ರ ಸೆಪ್ಟೆಂಬರ್ 22ರಿಂದ ಟೈರಿನ ಜಿಎಸ್‌ಟಿ ಶೇ. 28ರಿಂದ 18ಕ್ಕೆ ಇಳಿದಿದೆ. ಹತ್ತು ಇಳಿದಿದೆಯಲ್ಲ, ಬಿಲ್ಲಿನಲ್ಲೂ ನೂರಕ್ಕೆ ಹತ್ತು ಇಳಿಯಬೇಕೆಂದು ಅಂಗಡಿಯಲ್ಲಿ ಜಗಳಕ್ಕೆ ನಿಂತವರಿದ್ದಾರೆ. ಲೆಕ್ಕ ಹಾಗಲ್ಲ. ಮೂಲ ಬೆಲೆ 4,000 ರೂಪಾಯಿಯ ಟೈರಿಗೆ ಹಿಂದೆ 5,120 ಆಗುತ್ತಿತ್ತು, ಈಗ 4,720. ಉಳಿತಾಯ 400 ರೂಪಾಯಿ, ಅಂದರೆ ಮೊದಲಿನ ಬಿಲ್ಲಿನ ನೂರಕ್ಕೆ ಎಂಟು ಪಾಲು ಸಹ ಪೂರ್ತಿ ಇಲ್ಲ. ನಾಲ್ಕು ಟೈರಿಗೆ 1,600. ಬಿಲ್ಲು ಇಲ್ಲದೆ ಕೊಳ್ಳಬೇಡಿ. ಟೈರಿನ ನಂಬರನ್ನೂ ತಯಾರಿಯ ವಾರವನ್ನೂ ಬಿಲ್ಲಿನಲ್ಲೇ ಬರೆಸಿಕೊಳ್ಳಿ, ವಾರಂಟಿ ಕೇಳುವ ದಿನ ಅದೇ ದಾಖಲೆ. ಐಎಸ್‌ಐ ಗುರುತು ಇದೆಯೇ ನೋಡಿ.

ನಾಲ್ಕಕ್ಕೆ ದುಡ್ಡಿಲ್ಲದೆ ಎರಡೇ ಹಾಕಿಸುವುದಾದರೆ ಹೊಸದನ್ನು ಹಿಂದಕ್ಕೆ ಹಾಕಿಸಿ. ನಮ್ಮ ಕಡೆ ಹೆಚ್ಚಿನವರು ಮುಂದಕ್ಕೇ ಹಾಕಿಸುವುದು. ಮುಂದಿನ ಚಕ್ರ ಜಾರಿದರೆ ಡ್ರೈವರ್‌ಗೆ ಸ್ಟಿಯರಿಂಗಿನಲ್ಲಿ ತಿಳಿಯುತ್ತದೆ, ವೇಗ ಇಳಿಸಬಹುದು. ಹಿಂದಿನದು ಜಾರಿದರೆ ತಿಳಿಯುವಷ್ಟರಲ್ಲಿ ಗಾಡಿ ಅಡ್ಡ ತಿರುಗಿರುತ್ತದೆ. ಎಬಿಎಸ್ ಇದೆ ಎಂಬ ಧೈರ್ಯವೂ ಬೇಡ, ಅದು ಚಕ್ರ ಕಚ್ಚಿಕೊಳ್ಳದಂತೆ ನೋಡುತ್ತದೆಯೇ ಹೊರತು ಇಲ್ಲದ ಹಿಡಿತವನ್ನು ತಂದುಕೊಡುವುದಿಲ್ಲ.

ಇಷ್ಟು ಹೇಳಿದ ಮೇಲೂ ಯಾವ ಕಂಪೆನಿಯ ಯಾವ ಟೈರು ಮಳೆಗೆ ಉತ್ತಮ ಎಂಬ ಪ್ರಶ್ನೆ ಉಳಿಯುತ್ತದೆ. ಅದಕ್ಕೆ ಗ್ರಾಹಕ ತಾನೇ ನೋಡಿ ಹೇಳಲಾಗದಂತೆ ಇಟ್ಟಿರುವುದು ವ್ಯವಸ್ಥೆಯ ದೋಷ. 2022ರ ಜೂನ್‌ನಲ್ಲಿ ಕೇಂದ್ರ ಸಾರಿಗೆ ಸಚಿವಾಲಯ ಟೈರುಗಳಿಗೆ ಒದ್ದೆ ರಸ್ತೆಯ ಹಿಡಿತ, ಉರುಳುವಾಗಿನ ತಡೆ, ಸದ್ದು ಈ ಮೂರರಲ್ಲೂ ಕನಿಷ್ಠ ಮಟ್ಟ ಇರಬೇಕೆಂದು ಅಧಿಸೂಚನೆ ಹೊರಡಿಸಿತು. ಒಳ್ಳೆಯದೇ ಆಯಿತು. ಆದರೆ ಕನಿಷ್ಠ ದಾಟಿದ ಎರಡು ಟೈರುಗಳಲ್ಲಿ ಯಾವುದು ಮೇಲು ಎಂದು ಅಂಗಡಿಯಲ್ಲಿ ಕೇಳಿದರೆ ಸಿಗುವುದು ಬಾಯಿಮಾತು. ಯುರೋಪಿನಲ್ಲಿ ಪ್ರತಿ ಹೊಸ ಟೈರಿಗೂ ಒದ್ದೆ ಹಿಡಿತಕ್ಕೆ ಎ ಇಂದ ಇ ವರೆಗಿನ ದರ್ಜೆಯ ಚೀಟಿ ಇರುತ್ತದೆ. ಅವರಿಗಿಂತ ಎಷ್ಟೋ ಪಾಲು ಹೆಚ್ಚು ಮಳೆ ಬೀಳುವ ನಮ್ಮ ಊರಿನಲ್ಲಿ ಅದಿಲ್ಲ. ಕೆಲವು ಟೈರುಗಳ ಪಕ್ಕದಲ್ಲಿ 'ಟ್ರಾಕ್ಷನ್' ಎಂದು ಬರೆದು ಎಎ, ಎ, ಬಿ ಎಂಬ ಅಕ್ಷರ ಇರುತ್ತದೆ. ಅದು ಅಮೆರಿಕದ ಪದ್ಧತಿ, ಒದ್ದೆ ನೆಲದಲ್ಲಿ ನಿಲ್ಲುವ ಶಕ್ತಿಯ ಅಳತೆ. ಸದ್ಯಕ್ಕೆ ಅದನ್ನೇ ನೋಡಿ, ಎ ಗಿಂತ ಕೆಳಗಿನದು ಬೇಡ. ದರ್ಜೆಯ ಚೀಟಿ ಇಲ್ಲಿಯೂ ಕಡ್ಡಾಯವಾಗಬೇಕು, ಅದು ಆಯಾ ಊರಿನವರು ಓದುವ ಭಾಷೆಯಲ್ಲಿ, ನಮ್ಮಲ್ಲಾದರೆ ಮಲಯಾಳದ ಜೊತೆಗೆ ಕನ್ನಡದಲ್ಲಿಯೂ ಇರಬೇಕು ಎಂದು ಸಚಿವಾಲಯಕ್ಕೆ ಮನವಿ ಬರೆಯಲು ಸಭೆ ಒಪ್ಪಿದೆ. ಕರಡು ಸಿದ್ಧವಾಗುತ್ತಿದೆ. ಸಹಿ ಹಾಕಲು ಇಚ್ಛಿಸುವವರು ತಮ್ಮ ಊರಿನ ಪ್ರತಿನಿಧಿಗಳಲ್ಲಿ ಹೆಸರು ಕೊಡಬಹುದು.

ಇನ್ನೊಂದು ತೀರ್ಮಾನ ನಮ್ಮದೇ ಮನೆಯದ್ದು. ಇನ್ನು ಮುಂದೆ ಸಂಘದ ಕಾರ್ಯಕ್ರಮಗಳಿಗೆ ಬಾಡಿಗೆಗೆ ಹಿಡಿಯುವ ಪ್ರತಿ ವಾಹನದ ನಾಲ್ಕೂ ಟೈರುಗಳ ತಯಾರಿ ವಾರ ಮತ್ತು ಗಾಡಿಯ ಆಳವನ್ನು ಮುಂಗಡ ಕೊಡುವ ಮೊದಲೇ ರಿಜಿಸ್ಟರಿನಲ್ಲಿ ಬರೆಯಲಾಗುವುದು. ಸ್ಟೆಪ್ನಿಯದ್ದನ್ನೂ ಬರೆಯುತ್ತೇವೆ. ಬಾಡಿಗೆ ಸ್ವಲ್ಪ ಹೆಚ್ಚಾದರೆ ಸದಸ್ಯರು ಸಹಕರಿಸಬೇಕು. ಸ್ವಂತ ಕಾರಿನಲ್ಲಿ ಬರುವವರು ಹೊರಡುವ ಮುನ್ನ ಆ ನಾಲ್ಕು ಅಂಕಿಯನ್ನು ಚೀಟಿಯಲ್ಲಿ ಬರೆದು ತಂದರೆ ನಾವು ಕುಳಿತು ಲೆಕ್ಕ ಹಾಕಿ ಹೇಳುತ್ತೇವೆ.

– ಕಾರ್ಯದರ್ಶಿ