ತೋರಣಕ್ಕೆ ತೆನೆ ಎಲ್ಲಿಂದ?



ಈ ಸಂಚಿಕೆ ನಿಮ್ಮ ಕೈ ಸೇರುವ ಹೊತ್ತಿಗೆ ಭೂಮಿ ಹುಣ್ಣಿಮೆ ಹತ್ತಿರವಾಗಿರುತ್ತದೆ. ಅದರ ಹಿಂದೆಯೇ ದೀಪಾವಳಿ. ಭತ್ತ ಹೊಡೆಯೊಡೆದು ತೆನೆ ಹೊರಬರುವ ಕಾಲವಿದು. ಇದೇ ದಿನಗಳಲ್ಲಿ ಪೇಟೆಯ ಅಂಗಡಿಗಳ ಮುಂದೆ ಪ್ಲಾಸ್ಟಿಕ್ಕಿನ ಮಾವಿನೆಲೆ ತೋರಣ, ಪ್ಲಾಸ್ಟಿಕ್ಕಿನ ಚೆಂಡು ಹೂವಿನ ಮಾಲೆ, ಹೊಳೆಯುವ ಹಾಳೆಯ ಆಕಾಶಬುಟ್ಟಿಗಳು ತೂಗಾಡತೊಡಗುತ್ತವೆ. ಮನೆಯ ಹಿತ್ತಲಿನಲ್ಲೇ ಮಾವಿನ ಮರವಿರುವವರೂ ಮಾವಿನೆಲೆಯ ಪ್ರತಿಕೃತಿಯನ್ನು ಹಣ ಕೊಟ್ಟು ಒಯ್ಯುತ್ತಾರೆ. ಇದನ್ನು ಕೇವಲ ಅಭಿರುಚಿಯ ಪ್ರಶ್ನೆಯೆಂದು ತಳ್ಳಿಹಾಕುವುದು ಸುಲಭ. ಆದರೆ ನಮ್ಮ ಗದ್ದೆ, ಕೆರೆ, ಬೆಟ್ಟಗಳಲ್ಲಿ ಏನು ಉಳಿದಿದೆ, ಏನು ಅಳಿದಿದೆ ಎಂಬ ಲೆಕ್ಕವೂ ಈ ತೋರಣದಲ್ಲಿ ಅಡಗಿದೆ ಎಂಬುದು ನಮ್ಮ ಅಭಿಪ್ರಾಯ.

ಮೊದಲು ನನ್ನದೇ ಒಂದು ತಪ್ಪನ್ನು ಒಪ್ಪಿಕೊಳ್ಳಬೇಕು. ಕಳೆದ ವರ್ಷ ದೀಪಾವಳಿಗೆ ಮುನ್ನ ಪ್ರೌಢಶಾಲೆಯೊಂದರಲ್ಲಿ ಹಬ್ಬದ ಅಲಂಕಾರಗಳ ಸ್ಪರ್ಧೆ ಏರ್ಪಟ್ಟಿತ್ತು. ಎಲ್ಲವನ್ನೂ ಮಕ್ಕಳು ಕೈಯಾರೆ ಮಾಡಿರಬೇಕೆಂಬುದು ನಿಯಮ. ಮೂವರು ತೀರ್ಪುಗಾರರಲ್ಲಿ ನಾನೂ ಒಬ್ಬ. ಪೊಟ್ಟಣಗಳಲ್ಲಿ ಸಿಗುವ, ಯಂತ್ರದ ಅಚ್ಚಿನಿಂದ ಕತ್ತರಿಸಿದ ಫೋಮಿನ ಹೂ, ನಕ್ಷತ್ರ, ಚಿಟ್ಟೆಗಳನ್ನು ಬಿಸಿ ಅಂಟಿನಿಂದ ಜೋಡಿಸಿ, ಮೇಲೆ ಹೊಳಪಿನ ಪುಡಿ ಉದುರಿಸಿದ ತೂಗುಮಾಲೆಯೊಂದಕ್ಕೆ ಪ್ರಥಮ ಬಹುಮಾನ ಸಂದಿತು. ಎಂಟನೆಯ ತರಗತಿಯ ಹುಡುಗಿಯೊಬ್ಬಳು ಅಜ್ಜಿಯಿಂದ ಕಲಿತು ಹೆಣೆದಿದ್ದ ಭತ್ತದ ತೆನೆಯ ತೋರಣವೂ ಅಲ್ಲಿತ್ತು. ಹೊಸತನವಿಲ್ಲವೆಂಬ ಕಾರಣ ನೀಡಿ ಅದನ್ನು ಬದಿಗೆ ಸರಿಸಿದೆವು. ತೀರ್ಪಿನ ಹಾಳೆಗೆ ನಾನೂ ಸಹಿ ಹಾಕಿದೆ.

ಕೆಲವು ತಿಂಗಳ ನಂತರ ಗೊಬ್ಬರದ ಕುರಿತು ಮಾತನಾಡಲು ಅದೇ ಶಾಲೆಗೆ ಹೋದಾಗ ಮಕ್ಕಳು ತಮ್ಮ ಕಾಂಪೋಸ್ಟ್ ಗುಂಡಿಯನ್ನು ತೆಗೆದು ತೋರಿಸಿದರು. ಎಲೆ, ಸಗಣಿ, ಕಾಗದ ಎಲ್ಲವೂ ಕರಗಿ ಕಪ್ಪು ಗೊಬ್ಬರವಾಗಿದ್ದವು. ಅದರ ನಡುವೆ ಗುಲಾಬಿ, ಹಳದಿ ಬಣ್ಣದ ಫೋಮಿನ ಹೂಗಳು ಅಂಗಡಿಯಿಂದ ಬಂದಂತೆಯೇ ಇದ್ದವು. ಹೊಳಪಿನ ಪುಡಿ ಗೊಬ್ಬರದ ತುಂಬೆಲ್ಲ ಮಿನುಗುತ್ತಿತ್ತು. ಅದನ್ನು ಆರಿಸಿ ತೆಗೆಯುವ ದಾರಿ ಯಾರಿಗೂ ತಿಳಿಯಲಿಲ್ಲ. ತೆನೆಯ ತೋರಣ ಏನಾಯಿತೆಂದು ವಿಚಾರಿಸಿದೆ. ಮನೆಯ ಜಗಲಿಯಲ್ಲಿ ಕಟ್ಟಿದ್ದಾಗಿಯೂ, ಕಾಳನ್ನೆಲ್ಲ ಗುಬ್ಬಿಗಳು ತಿಂದು ಮುಗಿಸಿದ್ದಾಗಿಯೂ, ಹುಲ್ಲು ಹಟ್ಟಿಗೆ ಹೋದದ್ದಾಗಿಯೂ ಆ ಹುಡುಗಿ ತಿಳಿಸಿದಳು.

ಕೈಯಿಂದ ಮಾಡಿದ್ದೆಲ್ಲವೂ ನಿಸರ್ಗಕ್ಕೆ ಹಿತವೆಂಬ ಭ್ರಮೆ ನಮ್ಮಲ್ಲಿ ಅನೇಕರಿಗಿದೆ. ಕೆಲಸ ಕೈಯದಾದರೂ ಸಾಮಗ್ರಿ ಕಾರ್ಖಾನೆಯದಾಗಿರಬಹುದು. ಕರಕುಶಲ ತರಗತಿಗಳಲ್ಲಿ ಬಳಕೆಯಾಗುವ ಬಣ್ಣದ ಫೋಮ್ ಹಾಳೆ, ಬಿಸಿ ಮಾಡಿ ಹಚ್ಚುವ ಅಂಟಿನ ಕಡ್ಡಿ ಇವೆರಡೂ ಸಾಮಾನ್ಯವಾಗಿ ಪೆಟ್ರೋಲಿಯಂ ಮೂಲದ ಪ್ಲಾಸ್ಟಿಕ್‌ಗಳೇ. ಹೊಳಪಿನ ಪುಡಿಯೆಂದರೆ ಲೋಹದ ಲೇಪವಿರುವ ತೆಳುವಾದ ಪ್ಲಾಸ್ಟಿಕ್ ಹಾಳೆಯ ಸೂಕ್ಷ್ಮ ಚೂರುಗಳು. ಯುರೋಪಿಯನ್ ಒಕ್ಕೂಟವು 2023ರ ಅಕ್ಟೋಬರ್‌ನಿಂದ ಬಿಡಿಯಾದ ಪ್ಲಾಸ್ಟಿಕ್ ಹೊಳಪುಪುಡಿಯ ಮಾರಾಟವನ್ನು ನಿರ್ಬಂಧಿಸಿದೆ. ಇನ್ನು ಥರ್ಮೋಕೋಲ್ ಎಂದು ನಾವು ಕರೆಯುವ ಪಾಲಿಸ್ಟೈರೀನಿನ ಗಾತ್ರದಲ್ಲಿ ಶೇಕಡಾ 95ಕ್ಕೂ ಹೆಚ್ಚು ಭಾಗ ಗಾಳಿಯೇ. ಆದ್ದರಿಂದ ಅದನ್ನು ಸಂಗ್ರಹಿಸಿ ಸಾಗಿಸುವುದು ಯಾರಿಗೂ ಲಾಭದಾಯಕವಲ್ಲ. ಮುರಿದರೆ ಮಣಿಮಣಿಯಾಗಿ ಹಾರಿ ಹಳ್ಳ ಸೇರುತ್ತದೆ. ಸುಟ್ಟರೆ ಕಪ್ಪು ಹೊಗೆಯೊಂದಿಗೆ ಸ್ಟೈರೀನ್ ಎಂಬ ವಿಷಾನಿಲವನ್ನು ಉಗುಳುತ್ತದೆ.

ಕಾನೂನು ಇಲ್ಲವೆಂದಲ್ಲ. ಪ್ಲಾಸ್ಟಿಕ್ ಬ್ಯಾನರ್, ಬಂಟಿಂಗ್, ಬಾವುಟಗಳನ್ನು ಕರ್ನಾಟಕ ಸರ್ಕಾರ 2016ರ ಮಾರ್ಚ್‌ನಲ್ಲಿಯೇ ನಿಷೇಧಿಸಿತು. ಕೇಂದ್ರ ಸರ್ಕಾರವು 2021ರ ಆಗಸ್ಟ್‌ನಲ್ಲಿ ಹೊರಡಿಸಿದ ತಿದ್ದುಪಡಿ ನಿಯಮಗಳ ಪ್ರಕಾರ, 2022ರ ಜುಲೈ 1ರಿಂದ ಅಲಂಕಾರಕ್ಕಾಗಿ ಬಳಸುವ ಥರ್ಮೋಕೋಲ್ ತಯಾರಿಕೆ, ಮಾರಾಟ, ಬಳಕೆ ಎಲ್ಲವೂ ದೇಶದಾದ್ಯಂತ ನಿಷಿದ್ಧ. ಆದರೆ ಆ ಪಟ್ಟಿಯಲ್ಲಿ ಪ್ಲಾಸ್ಟಿಕ್ ಹೂವಿನ ಹೆಸರಿಲ್ಲ, ಫೋಮಿನ ಹೆಸರಿಲ್ಲ, ಹೊಳಪುಪುಡಿಯ ಹೆಸರೂ ಇಲ್ಲ. ನಿಷೇಧಿತವಾದ ಥರ್ಮೋಕೋಲ್ ಕೂಡ ಗಣಪತಿಯ ಮಂಟಪಗಳಿಂದ ಪೂರ್ತಿ ಮರೆಯಾಗಿಲ್ಲವೆಂಬುದನ್ನು ನಾವೆಲ್ಲರೂ ಬಲ್ಲೆವು. ಕಾನೂನು ಬೇಡವೆನ್ನಬಲ್ಲುದು, ಬದಲಿಗೆ ಏನು ಎಂಬುದನ್ನು ಹೇಳಿಕೊಡಲಾರದು. ಅದನ್ನು ಹೇಳಿಕೊಡಬಲ್ಲವರು ನಮ್ಮ ನಡುವೆಯೇ ಇದ್ದಾರೆ.

ಸಾಗರ, ಸೊರಬ, ಹೊಸನಗರ, ಸಿದ್ದಾಪುರ ಸೀಮೆಯ ದೀವರ ಮನೆಗಳಲ್ಲಿ ಭೂಮಿ ಹುಣ್ಣಿಮೆಗೆ ಸಿದ್ಧವಾಗುವ ಭೂಮಣ್ಣಿ ಬುಟ್ಟಿಯನ್ನು ಗಮನಿಸಿ. ದಸರೆಯ ಹೊತ್ತಿಗೆ ಅಟ್ಟದಿಂದ ಕೆಳಗಿಳಿಯುವ ಬುಟ್ಟಿಗೆ ಮೊದಲು ಸಗಣಿಯ ಲೇಪ. ಅದು ಒಣಗಿದ ಮೇಲೆ ಕೆಮ್ಮಣ್ಣಿನ ಲೇಪ. ಅದರ ಮೇಲೆ ಅಕ್ಕಿಯ ಹಿಟ್ಟಿನ ಬಿಳಿ ಗೆರೆಗಳು. ಕಪ್ಪು ಬಣ್ಣಕ್ಕೆ ಹುರಿದು ಕರಿಯಾದ ಅಕ್ಕಿ, ಹಳದಿಗೆ ಗುರಿಗೆ ಕಾಯಿ, ಕುಂಚಕ್ಕೆ ಪುಂಡಿಯ ನಾರು. ಗರ್ಭಿಣಿಯಾದ ಭೂಮಿಗೆ ಬಯಕೆಯ ಊಟವನ್ನು ಇದೇ ಬುಟ್ಟಿಯಲ್ಲಿ ಹೊತ್ತು ನಸುಕಿನಲ್ಲಿ ಗದ್ದೆಗೆ ಒಯ್ಯುತ್ತಾರೆ. ಅದರಲ್ಲಿ ಹಕ್ಕಿಗೂ ಪಾಲು, ಇಲಿಗೂ ಪಾಲು. ಒಂದು ಬುಟ್ಟಿಯ ಚಿತ್ತಾರಕ್ಕೆ ಬಿದಿರು, ಪುಂಡಿ, ಗುರಿಗೆ, ಭತ್ತ ಎಂಬ ನಾಲ್ಕು ಸಸ್ಯಗಳು, ಒಂದು ಬಗೆಯ ಮಣ್ಣು, ಕೊಟ್ಟಿಗೆಯ ಒಂದು ದನ ಬೇಕು. ಇವುಗಳಲ್ಲಿ ಒಂದು ಇಲ್ಲವಾದರೂ ಚಿತ್ತಾರ ಅಪೂರ್ಣ.

ಬೆಂಡಿನ ಕೆಲಸವೂ ಹೀಗೆಯೇ. ಕೆರೆಯಂಗಳ, ಜೌಗು ನೆಲಗಳ ನೀರಿನಲ್ಲಿ ಬೆಳೆಯುವ ಬೆಂಡಿನ ಗಿಡದ ದಂಟಿನೊಳಗೆ ಹಾಲಿನಂತೆ ಬಿಳುಪಾದ, ಹಗುರವಾದ ತಿರುಳಿದೆ. ಗುಡಿಗಾರರು ಹರಿತವಾದ ಕತ್ತಿಯಿಂದ ಅದನ್ನು ಕಾಗದದಷ್ಟು ತೆಳ್ಳಗೆ ಹೆರೆದು, ಕತ್ತರಿಸಿ, ಮಡಿಸಿ ಬಾಸಿಂಗ, ದಂಡೆ, ಹೂಮಾಲೆಗಳನ್ನು ಮಾಡುತ್ತಾರೆ. ಬಂಗಾಳದಲ್ಲಿ ದುರ್ಗಾಪೂಜೆಯ ಪ್ರತಿಮೆಗಳ ಬಿಳಿಯ ಆಭರಣ, ಮದುಮಗನ ಕಿರೀಟಗಳೂ ಇದೇ ಗಿಡದವು. ಥರ್ಮೋಕೋಲ್ ಮಾಡುವ ಕೆಲಸವನ್ನೆಲ್ಲ ಬೆಂಡು ಅದಕ್ಕಿಂತ ಮೊದಲೇ ಮಾಡುತ್ತಿತ್ತು, ಮತ್ತು ಕೆಲಸ ಮುಗಿದ ಮೇಲೆ ಮಣ್ಣಾಗುತ್ತಿತ್ತು. ಉತ್ತರ ಕನ್ನಡದಲ್ಲಿ ಗಣಪತಿಯ ಮೇಲ್ಗಡೆ ಕಟ್ಟುವ ಫಲಾವಳಿ, ದೀಪಾವಳಿಯಂದು ದನಗಳ ಕೊರಳಿಗೆ ಹಾಕುವ ಅಡಿಕೆ ಮತ್ತು ಚೆಂಡು ಹೂವಿನ ಮಾಲೆ, ಅವುಗಳ ಮೈಮೇಲೆ ಕೆಮ್ಮಣ್ಣು, ಶೇಡಿಗಳಲ್ಲಿ ಅದ್ದಿ ಒತ್ತುವ ದುಂಡು ಅಚ್ಚುಗಳು ಇವೆಲ್ಲವೂ ಸುತ್ತಲಿನ ನೆಲದಿಂದಲೇ ಹುಟ್ಟಿದ ಅಲಂಕಾರಗಳು.

ಹಾಗಿದ್ದಲ್ಲಿ ಇವು ಏಕೆ ಹಿಂದೆ ಸರಿದವು? ಜನರ ಸೋಮಾರಿತನವೆಂದೋ ಅಗ್ಗದ ಮೋಹವೆಂದೋ ದೂರಿದರೆ ಅರ್ಧ ಸತ್ಯವನ್ನಷ್ಟೇ ಹೇಳಿದಂತಾಗುತ್ತದೆ. ಉಳಿದ ಅರ್ಧ ನಮ್ಮ ನೆಲದಲ್ಲಿದೆ. ಹೂಳು ತುಂಬಿದ, ಒತ್ತುವರಿಯಾದ ಕೆರೆಯಲ್ಲಿ ಬೆಂಡು ಬೆಳೆಯದು. ಗದ್ದೆ ಅಡಿಕೆ ತೋಟವಾದಲ್ಲಿ, ಶುಂಠಿಯ ಹೊಲವಾದಲ್ಲಿ ಮನೆಯ ತೆನೆ ಇರದು. ಗದ್ದೆ ಉಳಿದಲ್ಲಿಯೂ ತೋರಣಕ್ಕೆ ಒದಗುವ ತೆನೆ ಉಳಿದಿದೆಯೇ? ತೋರಣ ಹೆಣೆಯಲು ಉದ್ದನೆಯ, ಬಳುಕುವ ದಂಟು ಬೇಕು. ನಮ್ಮ ಹಿಂದಿನ ನಾಟಿ ತಳಿಗಳಲ್ಲಿ ಅದಿತ್ತು. 1966ರಲ್ಲಿ ಬಿಡುಗಡೆಯಾದ ಐಆರ್-8ರಿಂದ ಮೊದಲ್ಗೊಂಡು ಗಿಡ್ಡ ತಳಿಗಳನ್ನು ಬೆಳೆಸಿದ ನಮ್ಮ ಕೃಷಿ ವಿಜ್ಞಾನ, ಗೊಬ್ಬರ ಹೆಚ್ಚಾದರೂ ಪೈರು ಒರಗಬಾರದೆಂದು ದಂಟನ್ನು ಮೊಟಕುಗೊಳಿಸಿತು. ಆಹಾರದ ಕೊರತೆಯ ಆ ದಿನಗಳಲ್ಲಿ ಅದಕ್ಕೆ ಬಲವಾದ ಕಾರಣವಿತ್ತು. ಅದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಎಕರೆಗೆ ಎಷ್ಟು ಕ್ವಿಂಟಾಲ್ ಎಂದು ಅಳೆದ ನಾವು ದನಕ್ಕೆಷ್ಟು ಹುಲ್ಲು, ಮಾಡಿಗೆಷ್ಟು ಹೊದಿಕೆ ಎಂಬುದನ್ನು ಅದೇ ಶ್ರದ್ಧೆಯಿಂದ ಅಳೆಯಲಿಲ್ಲ. ತೋರಣದ ಮಾತಂತೂ ಯಾವ ವರದಿಯಲ್ಲಿಯೂ ಬರಲಿಲ್ಲ. ಆ ಹುಡುಗಿಯ ತೋರಣದಲ್ಲಿ ಹೊಸತನವಿಲ್ಲವೆಂದಾಗಲೂ ನಾನು ಅದೇ ಹಳೆಯ ಅಳತೆಗೋಲನ್ನು ಹಿಡಿದಿದ್ದೆ.

ಇಲ್ಲಿ ಎರಡು ಎಚ್ಚರಿಕೆಯ ಮಾತುಗಳು ಅಗತ್ಯ. ಮೊದಲನೆಯದು, ನೈಸರ್ಗಿಕ ಅಲಂಕಾರವೆಂದರೆ ಕಾಡನ್ನು ದೋಚುವ ಪರವಾನಗಿಯಲ್ಲ. ಮಳೆಗಾಲದಲ್ಲಿ ಬೇಲಿಯ ಮೇಲೆ ಬೆಂಕಿಯಂತೆ ಅರಳುವ ಗೌರಿ ಹೂವನ್ನು ಗಡ್ಡೆಸಹಿತ ಕಿತ್ತರೆ ಮುಂದಿನ ವರ್ಷ ಅಲ್ಲಿ ಹೂವಿರದು. ಅದರ ಗಡ್ಡೆ, ಬೀಜ, ಎಲೆ ಎಲ್ಲವೂ ವಿಷಕಾರಿಯಾದುದರಿಂದ ಮಕ್ಕಳ ಮತ್ತು ದನಗಳ ಬಾಯಿಗೆ ಸಿಗದಂತೆ ಕಾಯಬೇಕಾದುದೂ ಅಗತ್ಯ. ಒಂದು ಮನೆಯ ಫಲಾವಳಿಗೆ ಒಂದೆರಡು ಗೊಂಚಲು ತರುವುದು ಬೇರೆ, ಪೇಟೆಗೆ ಗೋಣಿಗಟ್ಟಲೆ ಸಾಗಿಸುವುದು ಬೇರೆ. ಎರಡನೆಯದು, ಈ ಕಲೆಗಳನ್ನು ಉಳಿಸಿಕೊಂಡು ಬಂದವರು ದೀವರ ಹೆಂಗಸರು, ಗುಡಿಗಾರರು, ಬುಟ್ಟಿ ಹೆಣೆಯುವ ಮೇದಾರರು. ಅವರ ಚಿತ್ತಾರವನ್ನು ಯಂತ್ರದಲ್ಲಿ ಮುದ್ರಿಸಿ ನೈಸರ್ಗಿಕವೆಂದು ಮಾರುವುದು ನ್ಯಾಯವಲ್ಲ. ಬುಟ್ಟಿ ಬೇಕೆಂದರೆ ಮೇದಾರರಿಗೆ ತಕ್ಕ ಬೆಲೆ ಕೊಡಬೇಕು. ಹಬ್ಬದ ವಾರದಲ್ಲಿ ಹೊಗಳಿ, ಉಳಿದ ದಿನ ಚೌಕಾಶಿ ಮಾಡುವುದರಿಂದ ಯಾವ ಕಲೆಯೂ ಉಳಿಯದು.

1983ರ ಸೆಪ್ಟೆಂಬರ್ 8ರಂದು ಶಿರಸಿಯ ಕಳಸೆ ಕಾಡಿನಲ್ಲಿ ಮರಗಳನ್ನು ಅಪ್ಪಿ ನಿಂತವರು ನಮಗೆ ಮೂರು ಮಾತುಗಳನ್ನು ಬಿಟ್ಟುಹೋಗಿದ್ದಾರೆ: ಉಳಿಸು, ಬೆಳೆಸು, ಬಳಸು. ಮೊದಲೆರಡನ್ನು ನಾವು ಸಭೆಗಳಲ್ಲಿ ಮತ್ತೆಮತ್ತೆ ಹೇಳುತ್ತೇವೆ. ಮೂರನೆಯದನ್ನು ಮರೆಯುತ್ತೇವೆ. ಬಳಕೆಯಿಲ್ಲದ ಗಿಡವನ್ನು ಯಾರೂ ಗುರುತಿಸುವುದಿಲ್ಲ. ಗುರುತಿಲ್ಲದ ಗಿಡ ಇಲ್ಲವಾದಾಗ ಯಾರಿಗೂ ತಿಳಿಯುವುದಿಲ್ಲ. ಪುಂಡಿಯ ನಾರಿನ ಕುಂಚ ಹಿಡಿದವಳಿಗೆ ಪುಂಡಿ ಬೇಕು. ಬಳಸುವ ಕೈಯೇ ಬೆಳೆಸುವ ಕೈಯಾಗಬಲ್ಲುದು.

ಉಳಿಸುವ ಕೆಲಸವೆಂದರೆ, ಊರಿನ ಕೆರೆಯ ಹೂಳೆತ್ತುವಾಗ ಅಂಚಿನ ಜೌಗನ್ನು ಪೂರ್ತಿ ಬಗೆದು ಹಾಕದೆ ಬೆಂಡಿಗೆ ಒಂದಿಷ್ಟು ಜಾಗ ಬಿಡುವುದು. ಬೆಳೆಸುವ ಕೆಲಸವೆಂದರೆ, ಗದ್ದೆಯ ಒಂದು ಮೂಲೆಯಲ್ಲಾದರೂ ಎತ್ತರದ ನಾಟಿ ತಳಿಯೊಂದನ್ನು ಬಿತ್ತುವುದು, ಬೇಲಿಯಲ್ಲಿ ನಾಲ್ಕು ಪುಂಡಿ ಗಿಡ, ಹಿತ್ತಲಿನಲ್ಲಿ ಒಂದು ಬಿದಿರು ಹಿಂಡು. 2017ರಲ್ಲಿ ಭಾರತೀಯ ಅರಣ್ಯ ಕಾಯ್ದೆಗೆ ತಂದ ತಿದ್ದುಪಡಿಯು ಅರಣ್ಯೇತರ ಭೂಮಿಯಲ್ಲಿ ಬೆಳೆದ ಬಿದಿರನ್ನು ಮರವೆಂಬ ವ್ಯಾಖ್ಯೆಯಿಂದ ಹೊರಗಿಟ್ಟಿರುವುದರಿಂದ ಸ್ವಂತ ಜಮೀನಿನಲ್ಲಿ ಬಿದಿರು ಬೆಳೆಯಲು ಹಿಂದಿನಷ್ಟು ಅಂಜಬೇಕಿಲ್ಲ.

ಬಳಸುವ ಕೆಲಸವನ್ನು ವಿದ್ಯಾರ್ಥಿಗಳಿಗೆ ಒಪ್ಪಿಸುತ್ತೇವೆ. ಅಚ್ಚಿನಿಂದ ಕತ್ತರಿಸಿದ ಆಕಾರಗಳೇ ಬೇಕೆಂದರೆ ಫೋಮ್ ಬೇಕಿಲ್ಲ. ನಮ್ಮ ತೋಟಗಳಲ್ಲಿ ಅಡಿಕೆ ಹಾಳೆ ಇದೆ. ಹಾಳೆತಟ್ಟೆ ಮಾಡುವ ಘಟಕಗಳಲ್ಲಿ ಅಂಚು ಕತ್ತರಿಸಿದ ಚೂರುಗಳು ರಾಶಿ ಬೀಳುತ್ತವೆ. ಹಾಳೆಯನ್ನು ನೀರಿನಲ್ಲಿ ನೆನೆಸಿದರೆ ಮೆತ್ತಗಾಗಿ ಕತ್ತರಿಗೆ ಬಗ್ಗುತ್ತದೆ. ತಗಡಿನ ಪಟ್ಟಿಯನ್ನು ಎಲೆಯ, ನಕ್ಷತ್ರದ ಆಕಾರಕ್ಕೆ ಬಾಗಿಸಿ ಅಂಚನ್ನು ಹರಿತಗೊಳಿಸಿದರೆ ಶಾಲೆಗೊಂದು ಅಚ್ಚು ಸಿದ್ಧ. ಆದರೆ ಅದನ್ನು ಸುತ್ತಿಗೆಯಿಂದ ಹೊಡೆಯುವ ಕೆಲಸ ದೊಡ್ಡವರದಾಗಿರಲಿ. ಕತ್ತರಿಸಿದ ತುಂಡುಗಳನ್ನು ಭಾರದಡಿ ಇಟ್ಟು ನೆರಳಿನಲ್ಲಿ ಒಣಗಿಸಿದರೆ ಗಟ್ಟಿಯಾಗುತ್ತವೆ. ಅವುಗಳ ಮೇಲೆ ಕೆಮ್ಮಣ್ಣು ಬಳಿದು ಅಕ್ಕಿಹಿಟ್ಟಿನ ಗೆರೆ ಎಳೆಯಿರಿ, ಬಾಳೆನಾರಿನಲ್ಲಿ ಪೋಣಿಸಿ. ಆಕಾಶಬುಟ್ಟಿಗೆ ಬಿದಿರಿನ ಸೀಳು, ತೆಳುಕಾಗದ, ಬೇಯಿಸಿದ ಹಿಟ್ಟಿನ ಅಂಟು ಸಾಕು. ಕಾಗದವನ್ನು ಎಂಟು ಮಡಿಕೆ ಮಾಡಿ ಕತ್ತರಿಸಿದರೆ ಪೊಟ್ಟಣದ ಯಾವ ಹೂವಿಗೂ ಕಡಿಮೆಯಿಲ್ಲದ ಹೂವು ಬಿಚ್ಚಿಕೊಳ್ಳುತ್ತದೆ. ತೋರಣದ ತೆನೆಯನ್ನು ಕಾಳು ಬಲಿತು ದಂಟು ಇನ್ನೂ ಪೂರ್ತಿ ಒಣಗದ ಹಂತದಲ್ಲಿ ಕೊಯ್ಯಿರಿ. ಆಗ ಕಾಳು ಉದುರುವುದಿಲ್ಲ, ಹೆಣೆಯುವಾಗ ದಂಟು ಮುರಿಯುವುದಿಲ್ಲ. ಉಳಿದುದನ್ನು ಮನೆಯ ಅಜ್ಜಿಯರನ್ನು ಕೇಳಿ ತಿಳಿಯಿರಿ.

ಶಿಕ್ಷಕರಲ್ಲಿ ಒಂದು ವಿನಂತಿ. ಅಲಂಕಾರದ ಸ್ಪರ್ಧೆ ಇಡುವಾಗ ಅಂದದ ಜೊತೆಗೆ ಎರಡು ಪ್ರಶ್ನೆಗಳಿಗೂ ಅಂಕವಿರಲಿ. ಇದಕ್ಕೆ ಬಳಸಿದ್ದು ಎಲ್ಲಿಂದ ಬಂತು? ಹಬ್ಬ ಮುಗಿದ ಮೇಲೆ ಇದು ಎಲ್ಲಿಗೆ ಹೋಗುತ್ತದೆ? ಈ ಎರಡು ಪ್ರಶ್ನೆಗಳನ್ನು ಕಳೆದ ವರ್ಷ ನಾನು ಕೇಳಿದ್ದರೆ ಬಹುಮಾನ ಬೇರೆಯವರ ಪಾಲಾಗುತ್ತಿತ್ತು. ಆ ಹುಡುಗಿ ಈಗ ಒಂಬತ್ತನೆಯ ತರಗತಿಯಲ್ಲಿದ್ದಾಳೆ. ಈ ಬಾರಿ ತನ್ನ ಗೆಳತಿಯರಿಗೆ ತೋರಣ ಹೆಣೆಯುವುದನ್ನು ಕಲಿಸಲು ಒಪ್ಪಿದ್ದಾಳೆ. ಆದರೆ ತೆನೆ ಸಾಲದು, ಮನೆಯ ಗದ್ದೆಗೆ ಈ ಮಳೆಗಾಲದಲ್ಲಿ ಅಡಿಕೆ ಸಸಿ ನೆಟ್ಟಾಗಿದೆ ಎಂದಳು. ನಾಟಿ ತಳಿಯ ಗದ್ದೆ ಇರುವ ಓದುಗರು ಅಕ್ಕಪಕ್ಕದ ಶಾಲೆಗಳಿಗೆ ಒಂದೊಂದು ಹಿಡಿ ತೆನೆ ತಲುಪಿಸಬೇಕೆಂದು ಕೋರುತ್ತೇವೆ.