ನಕಲಿನಲ್ಲೂ ಎರಡು ಬಗೆ

ಕಾಲೇಜಿನಲ್ಲಿ 'ನಕಲು' ಎಂದರೆ ಎಲ್ಲರಿಗೂ ಪರೀಕ್ಷಾ ಕೊಠಡಿಯೇ ನೆನಪಾಗುತ್ತದೆ. ನಕಲು ಎಂದರೆ ತಪ್ಪು, ನಾಚಿಕೆ, ಡಿಬಾರ್. ನಾನೂ ಹಾಗೆಯೇ ಅಂದುಕೊಂಡಿದ್ದೆ. ಆದರೆ ಕಳೆದ ರಜೆಯಲ್ಲಿ ಕೈಗೆ ಬಂದ ಎರಡು ಪೋಸ್ಟ್‌ಕಾರ್ಡುಗಳು ಆ ಮಾತಿಗೆ ಇನ್ನೊಂದು ಅರ್ಥವೂ ಇದೆ ಎಂದು ತೋರಿಸಿಕೊಟ್ಟವು. ಆಮೇಲೆ ನನ್ನ ಜೀವಶಾಸ್ತ್ರದ ರೆಕಾರ್ಡ್ ಪುಸ್ತಕ ತೆರೆಯಲು ನನಗೇ ಸಂಕೋಚವಾಯಿತು.

ಕೆಲಸದ ಮೇಲೆ ಜಪಾನಿಗೆ ಹೋಗಿದ್ದ ನನ್ನ ಮಾಮು ಕ್ಯೋಟೋ ನಗರದಿಂದ ಈ ಕಾರ್ಡುಗಳನ್ನು ತಂದರು. ಚಾಕೊಲೇಟ್ ನಿರೀಕ್ಷಿಸಿದ್ದ ನನಗೆ ಮೊದಲು ನಿರಾಸೆಯೇ ಆಯಿತು. ಒಂದರಲ್ಲಿ ನೀಲಿ ಮಾರ್ನಿಂಗ್ ಗ್ಲೋರಿ ಬಳ್ಳಿ. ಜಪಾನೀಯರು ಈ ಹೂವನ್ನು 'ಅಸಗಾವೊ' ಎನ್ನುತ್ತಾರೆ. ಹಾಗೆಂದರೆ ಬೆಳಗಿನ ಮುಖ. ಇದನ್ನು 1830ರ ದಶಕದಲ್ಲಿ ಬರೆದವರು ಹೊಕುಸಾಯ್. ಆಗ ಅವರಿಗೆ ಎಪ್ಪತ್ತು ದಾಟಿತ್ತು. ಇನ್ನೊಂದು ಇತೋ ಜಾಕುಚು ಬರೆದ ಪಿಯೋನಿ ಹೂಗಳ ಚಿತ್ರ. ಜಾಕುಚು (1716–1800) ಕ್ಯೋಟೋದ ನಿಶಿಕಿ ಮಾರುಕಟ್ಟೆಯ ತರಕಾರಿ ಸಗಟು ವ್ಯಾಪಾರಿಯ ಮಗ. ತಂದೆಯ ನಂತರ ಮಳಿಗೆ ನಡೆಸಿ, ನಲವತ್ತರ ಹೊತ್ತಿಗೆ ಅದನ್ನು ತಮ್ಮನಿಗೆ ಬಿಟ್ಟುಕೊಟ್ಟು ಚಿತ್ರ ಬರೆಯಲು ಕುಳಿತವರು.

ಎರಡು ದಿನ ಆ ಕಾರ್ಡುಗಳು ನನ್ನ ಮೇಜಿನ ಮೇಲಿದ್ದವು. ಮೂರನೆಯ ದಿನ ನನ್ನ ತಂಗಿ ಬಂದು, "ಇದರಲ್ಲಿ ಕಪ್ಪೆ ಇದೆಯಲ್ಲ?" ಅಂದಳು. ನಾನು ನಂಬಲಿಲ್ಲ. ಹತ್ತಿರದಿಂದ ನೋಡಿದರೆ ನಿಜವಾಗಿಯೂ ಅಸಗಾವೊ ಎಲೆಗಳ ನಡುವೆ ಎಲೆಯದೇ ಹಸಿರಿನ ಮರಗಪ್ಪೆಯೊಂದು ಕುಳಿತಿತ್ತು. ಎರಡು ದಿನ ನಾನು ಆ ಚಿತ್ರವನ್ನು ಕಂಡಿದ್ದೆ, ನೋಡಿರಲಿಲ್ಲ.

ಆಗ ಇದು ಹೇಗೆ ಅಚ್ಚಾಗುತ್ತದೆ ಎಂದು ತಿಳಿಯುವ ಕುತೂಹಲ ಹುಟ್ಟಿತು. ಹೊಕುಸಾಯ್ ಕಾಲದ ಪದ್ಧತಿಯಲ್ಲಿ ಕಲಾವಿದ ತೆಳುವಾದ ಕಾಗದದ ಮೇಲೆ ರೇಖೆಗಳಲ್ಲಿ ಚಿತ್ರ ಬರೆಯುತ್ತಾನೆ. ಅದನ್ನು ಚೆರ್ರಿ ಮರದ ಹಲಗೆಗೆ ಬೋರಲಾಗಿ ಅಂಟಿಸುತ್ತಾರೆ. ಕೆತ್ತನೆಗಾರ ಆ ಕಾಗದದ ಮೇಲೆಯೇ ಉಳಿ ಹಾಕಿ, ರೇಖೆಗಳನ್ನು ಉಳಿಸಿ ಮಿಕ್ಕ ಮರವನ್ನು ತೆಗೆಯುತ್ತಾನೆ. ಕೆತ್ತನೆ ಮುಗಿಯುವಷ್ಟರಲ್ಲಿ ಕಲಾವಿದನ ಮೂಲಚಿತ್ರ ಉಳಿದಿರುವುದೇ ಇಲ್ಲ! ಆಮೇಲೆ ಬಣ್ಣಗಳಿಗೆ ಬೇರೆ ಬೇರೆ ಹಲಗೆಗಳು. ಕಾಗದ ಪ್ರತಿ ಸಲವೂ ಒಂದೇ ಜಾಗದಲ್ಲಿ ಕೂರಲೆಂದು ಹಲಗೆಯ ಮೂಲೆಯಲ್ಲೂ ಅಂಚಿನಲ್ಲೂ 'ಕೆಂತೋ' ಎಂಬ ಸಣ್ಣ ಗುರುತು ಕೆತ್ತಿರುತ್ತಾರೆ. ಅದು ಕೂದಲೆಳೆಯಷ್ಟು ತಪ್ಪಿದರೂ ಎಲೆಯ ಹಸಿರು ಹೂವಿನೊಳಗೆ ನುಗ್ಗುತ್ತದೆ. ಮುದ್ರಕ ನೀರಿನಲ್ಲಿ ಕಲಸಿದ ಬಣ್ಣವನ್ನು ಬ್ರಷ್ಷಿನಿಂದ ಹಲಗೆಗೆ ಹಚ್ಚಿ, ತೇವ ಮಾಡಿದ ಕಾಗದವನ್ನು ಅದರ ಮೇಲಿಟ್ಟು, ಬಿದಿರಿನ ಪೊರೆ ಸುತ್ತಿದ 'ಬಾರೆನ್' ಎಂಬ ದುಂಡನೆಯ ಉಪಕರಣದಿಂದ ಕೈಯಲ್ಲೇ ಉಜ್ಜುತ್ತಾನೆ. ಯಂತ್ರವೇ ಇಲ್ಲ.

ಹಳೆಯ ಹಲಗೆಗಳು ಸವೆದು, ಕಳೆದುಹೋಗಿರುವುದರಿಂದ ಇಂದಿನ ಕೆತ್ತನೆಗಾರರು ಹಳೆಯ ಮುದ್ರಣವನ್ನು ನೋಡಿ ಹೊಸ ಹಲಗೆ ಕೆತ್ತುತ್ತಾರೆ. ಅಂದರೆ ನನ್ನ ಮೇಜಿನ ಮೇಲಿರುವುದು ನಕಲಿನ ನಕಲು. ಆದರೂ ಅದರಲ್ಲಿ ಕಪ್ಪೆ ಕಳೆದುಹೋಗಿಲ್ಲ. ಯಾಕೆಂದರೆ ಅದನ್ನು ಮಾಡಿದ ಪ್ರತಿಯೊಬ್ಬರೂ ಕಪ್ಪೆಯನ್ನು ನೋಡಲೇಬೇಕಿತ್ತು. ನೋಡದವನಿಗೆ ಕೆತ್ತಲು ಬಾರದು.

ಜಾಕುಚು ಕಾರ್ಡಿನದು ಬೇರೆ ದಾರಿ. ಅದು ಕೊಲೊಟೈಪ್ ಮುದ್ರಣ. ಈ ವಿಧಾನ ಹುಟ್ಟಿದ್ದು ಹತ್ತೊಂಬತ್ತನೆಯ ಶತಮಾನದ ಫ್ರಾನ್ಸಿನಲ್ಲಿ. ಉಳಿದ ಕಡೆ ಬಹುಮಟ್ಟಿಗೆ ಮರೆಯಾದರೂ ಕ್ಯೋಟೋದಲ್ಲಿ ಬೆನ್‌ರಿದೋ ಎಂಬ ಸಂಸ್ಥೆ ಇದನ್ನು ಇಂದಿಗೂ ಉಳಿಸಿಕೊಂಡಿದೆ. ಗಾಜಿನ ಫಲಕದ ಮೇಲೆ ಬೆಳಕಿಗೆ ಸ್ಪಂದಿಸುವ ಜೆಲಾಟಿನ್ ಲೇಪಿಸಿ, ನೆಗೆಟಿವ್ ಮೂಲಕ ಬೆಳಕು ಹಾಯಿಸುತ್ತಾರೆ. ಬೆಳಕು ಬಿದ್ದಷ್ಟು ಜೆಲಾಟಿನ್ ಗಟ್ಟಿಯಾಗುತ್ತದೆ. ಗಟ್ಟಿಯಾದಷ್ಟು ಶಾಯಿ ಹಿಡಿಯುತ್ತದೆ. ನಮ್ಮ ಜೀವಶಾಸ್ತ್ರ ಪ್ರಯೋಗಾಲಯದ ಲೆನ್ಸ್ ಕೆಳಗೆ ಈ ಕಾರ್ಡನ್ನೂ ಒಂದು ಮದುವೆ ಆಮಂತ್ರಣ ಪತ್ರವನ್ನೂ ಇಟ್ಟು ನೋಡಿದೆ. ಆಮಂತ್ರಣದ ಗುಲಾಬಿ ಪೂರ್ತಿ ಚುಕ್ಕಿಗಳಾಗಿ ಒಡೆದುಹೋಯಿತು. ಪಿಯೋನಿಯಲ್ಲಿ ಅಂಥ ಸಾಲುಚುಕ್ಕಿಗಳಿರಲಿಲ್ಲ. ಬಣ್ಣ ಮಂಜಿನಂತೆ ಒಂದರೊಳಗೊಂದು ಕರಗಿತ್ತು.

ನಕಲಿಗೆ ಇಷ್ಟು ಶ್ರಮ ಯಾಕೆ ಎಂದು ಕೇಳುವವರಿಗೆ ಜಪಾನಿನ ಚರಿತ್ರೆಯಲ್ಲೇ ಉತ್ತರವಿದೆ. ನಾರಾ ಪ್ರಾಂತದ ಹೊರ್ಯುಜಿ ದೇವಾಲಯದ ಪುರಾತನ ಭಿತ್ತಿಚಿತ್ರಗಳನ್ನು 1935ರಲ್ಲಿ ಇದೇ ಬೆನ್‌ರಿದೋದವರು ದೊಡ್ಡ ಗಾಜಿನ ಫಲಕಗಳ ಮೇಲೆ ಭಾಗ ಭಾಗವಾಗಿ ಛಾಯಾಚಿತ್ರ ತೆಗೆದು, ಮೂಲದ ಅಳತೆಯಲ್ಲೇ ಕೊಲೊಟೈಪ್ ಮುದ್ರಿಸಿದರು. 1949ರ ಜನವರಿ 26ರಂದು ಅಲ್ಲಿ ಬೆಂಕಿ ಬಿದ್ದು ಆ ಗೋಡೆಗಳ ಚಿತ್ರಗಳು ಸುಟ್ಟು ಕರಿದಾದವು. ಮುಂದೆ 1960ರ ದಶಕದಲ್ಲಿ ಕಲಾವಿದರು ಅವುಗಳನ್ನು ಮತ್ತೆ ಬರೆದಾಗ ಆಧಾರವಾದದ್ದು ಅದೇ ನಕಲು.

ಈಗ ನನ್ನ ರೆಕಾರ್ಡ್ ಪುಸ್ತಕದ ಕಥೆ. ಸೊಲನೇಸಿ ಕುಟುಂಬದ ಪಾಠದ ದಿನ ನಮ್ಮೆಲ್ಲರ ಮುಂದೆ ಬದನೆ ಹೂ ಇಟ್ಟಿದ್ದರು. ನಾನು ಸೀನಿಯರ್ ಒಬ್ಬರ ರೆಕಾರ್ಡನ್ನು ಪಕ್ಕದಲ್ಲಿಟ್ಟುಕೊಂಡು ಚಿತ್ರ ಇಳಿಸಿದೆ. ಐದು ಎಸಳು, ಐದು ಕೇಸರ, ಅಚ್ಚುಕಟ್ಟಾದ ಲೇಬಲ್. ಪೂರ್ತಿ ಅಂಕ ಬಂತು. ಆದರೆ ಅಂದು ನನ್ನ ಮುಂದಿದ್ದ ಹೂವಿಗೆ ಆರು ಎಸಳಿದ್ದವು. ಬೇಸಾಯದ ಬದನೆಯಲ್ಲಿ ಆರು, ಏಳು ಎಸಳು ಬರುವುದುಂಟು. ಪಕ್ಕದ ಗೆಳತಿ ಎಣಿಸಿ ಹೇಳಿದಾಗ, "ಸುಮ್ಮನೆ ಐದೇ ಹಾಕು, ಮಾರ್ಕ್ಸ್ ಹೋಗುತ್ತದೆ" ಅಂದವರು ಬೇರೆ ಯಾರೂ ಅಲ್ಲ, ನಾನೇ. ಅವಳೂ ಐದೇ ಹಾಕಿದಳು. ನಾನು ನಕಲು ಮಾಡಿದ್ದಷ್ಟೇ ಅಲ್ಲ, ನೋಡಿದವಳ ಕಣ್ಣನ್ನೂ ಮುಚ್ಚಿಸಿದ್ದೆ.

ಒಂದು ನಕಲು ನೋಡಿಸುತ್ತದೆ, ಇನ್ನೊಂದು ನೋಡದಂತೆ ಮಾಡುತ್ತದೆ. ಕ್ಯೋಟೋದ ಮುದ್ರಕರದು ಮೊದಲನೆಯದು. ನಮ್ಮ ರೆಕಾರ್ಡುಗಳಲ್ಲಿರುವುದು ಹೆಚ್ಚಾಗಿ ಎರಡನೆಯದು. ಈಚೆಗೆ ಅದೂ ಬೇಡವೆಂದು ಅಂಗಡಿಯಲ್ಲಿ ಸಿಗುವ ಅಚ್ಚಿನ ಚಿತ್ರಗಳನ್ನು ಅಂಟಿಸುತ್ತಿದ್ದೇವೆ.

ಇದಕ್ಕೆ ಗೆಳೆಯರ ಉತ್ತರ ನನಗೆ ಗೊತ್ತು. "ನೀಟ್, ಸಿಇಟಿ ತಲೆಯ ಮೇಲಿದೆ, ಹೂ ಬರೆಯುತ್ತಾ ಕೂತರೆ ಸೀಟು ಯಾರು ಕೊಡುತ್ತಾರೆ?" ಈ ಮಾತು ಸುಳ್ಳಲ್ಲ. ಬೆಳಗ್ಗೆ ಆರಕ್ಕೆ ಬಸ್ ಹಿಡಿದು ಬಂದು, ರಾತ್ರಿ ಹತ್ತರವರೆಗೆ ಕೋಚಿಂಗ್ ಪುಸ್ತಕ ಹಿಡಿಯುವವರಿಗೆ ಮೂವತ್ತು ನಲವತ್ತು ಚಿತ್ರ ಬರೆಯಿರಿ ಎನ್ನುವುದು ಶಿಕ್ಷೆ. ಆ ಶಿಕ್ಷೆಯೇ ನಮ್ಮನ್ನು ಕುರುಡು ನಕಲಿಗೆ ತಳ್ಳುತ್ತದೆ ಎಂದೂ ನಾನು ಹೇಳುತ್ತೇನೆ. ಆದರೆ ನಾಳೆ ವೈದ್ಯರೋ ನರ್ಸೋ ಆಗಬೇಕೆಂದಿರುವ ನಾವು, ಮುಂದಿರುವುದು ಆರಾಗಿದ್ದರೂ ಪುಸ್ತಕ ಹೇಳಿತೆಂದು ಐದು ಬರೆಯುವ ಅಭ್ಯಾಸವನ್ನು ಎಲ್ಲಿ ಬಿಡುತ್ತೇವೆ? ರೋಗಿಯ ಮುಂದೆ ಕುಳಿತಾಗ ತಾನಾಗಿ ಬಿಟ್ಟುಹೋಗುತ್ತದೆಯೇ?

ಆದ್ದರಿಂದ ನಮ್ಮ ಜೀವಶಾಸ್ತ್ರದ ಉಪನ್ಯಾಸಕರಲ್ಲಿ ಒಂದು ಕೋರಿಕೆ. ಚಿತ್ರಗಳ ಸಂಖ್ಯೆ ಕಡಿಮೆ ಮಾಡಿ. ಬೇಕಾದವನ್ನು ಅಂಟಿಸಲು ಬಿಡಿ. ಆದರೆ ಐದು ಚಿತ್ರಗಳನ್ನಾದರೂ ಕೈಯಲ್ಲಿ ಹಿಡಿದ ಹೂವನ್ನೇ ನೋಡಿ ಬರೆಯುವಂತಿರಲಿ. ಗೆರೆ ಸೊಟ್ಟಗಿದ್ದರೆ ಅಂಕ ಕಳೆಯಬೇಡಿ. ಆರನ್ನು ಐದು ಮಾಡಿದರೆ ಕಳೆಯಿರಿ. ಪುಸ್ತಕಕ್ಕೂ ಹೂವಿಗೂ ವ್ಯತ್ಯಾಸ ಕಂಡರೆ ಅದನ್ನು ಪಕ್ಕದಲ್ಲಿ ಒಂದು ಸಾಲು ಬರೆಯಲು ಜಾಗ ಕೊಡಿ.

ಆ ಎರಡು ಕಾರ್ಡುಗಳನ್ನು ಮುಂದಿನ ತಿಂಗಳವರೆಗೆ ಗ್ರಂಥಾಲಯದ ಮೇಜಿನ ಗಾಜಿನ ಕೆಳಗೆ ಇಡಲು ಗ್ರಂಥಪಾಲಕರು ಒಪ್ಪಿದ್ದಾರೆ. ಬಿಡುವಿದ್ದಾಗ ಹೋಗಿ ನೋಡಿ. ಕಪ್ಪೆ ಎಲ್ಲಿದೆ ಎಂದು ನಾನು ಹೇಳುವುದಿಲ್ಲ. ನನ್ನ ರೆಕಾರ್ಡಿನಲ್ಲಿ ಆ ಬದನೆ ಹೂವಿನ ಪುಟಕ್ಕೆ ಹೊಸ ಹಾಳೆ ಸೇರಿಸಿ ಮತ್ತೆ ಬರೆದಿದ್ದೇನೆ. ಚಿತ್ರ ಮೊದಲಿನಷ್ಟು ಚೆನ್ನಾಗಿಲ್ಲ. ಎಸಳು ಮಾತ್ರ ಆರಿವೆ.